ಸೀನಿನ ಸೀಸನ್: ಪರಾಗದ ಅಲರ್ಜಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಇದೆ. ಗ್ಯಾಸ್ ಸಿಲಿಂಡರ್ ಬಂದ ದಿನ ಇದೆ. ಏಕಾದಶಿ, ಸಂಕಷ್ಟಿ ಅಚ್ಚಾಗಿಯೇ ಬಂದಿವೆ. ಮೂರು ವರ್ಷದಿಂದ ಅದರಲ್ಲಿ ಇನ್ನೊಂದು ಲೆಕ್ಕ ಸೇರಿದೆ. ತಾರೀಖಿನ ಪಕ್ಕ ಕೆಂಪು ಪೆನ್ನಿನ ಚುಕ್ಕೆಗಳು. ಒಂದು ಚುಕ್ಕೆ ಅಂದರೆ ಬೆಳಿಗ್ಗೆ ನಾಲ್ಕಾರು ಸೀನು ಬಂದು ನಿಂತಿತು. ಎರಡು ಅಂದರೆ ದಿನವಿಡೀ ಮೂಗು ಸೋರಿತು. ಮೂರು ಅಂದರೆ ರಾತ್ರಿ ಮೂಗು ಕಟ್ಟಿ, ಬಾಯಲ್ಲಿ ಉಸಿರಾಡುತ್ತಾ ಎದ್ದು ಕೂತಿದ್ದೆ.

ಅದಕ್ಕೂ ಮೊದಲು ಹತ್ತು ವರ್ಷ ಎಲ್ಲರ ಹಾಗೆ ನಾನೂ "ಡಸ್ಟ್ ಅಲರ್ಜಿ" ಅಂತ ಹೇಳಿಕೊಂಡು ಓಡಾಡಿದೆ. ಬೆಂಗಳೂರು, ಧೂಳು, ಇನ್ನೇನು. ಫೆಬ್ರವರಿಯಲ್ಲಿ ಟಬೆಬುಯಾ ಮರಗಳು ರಸ್ತೆ ತುಂಬ ಗುಲಾಬಿ ಬಣ್ಣ ಚೆಲ್ಲಿದಾಗ ಅವುಗಳ ಮೇಲೂ ತಪ್ಪು ಹೊರಿಸುತ್ತಿದ್ದೆ. ಚುಕ್ಕೆ ಹಾಕಿದ ಮೊದಲ ವರ್ಷವೇ ಲೆಕ್ಕ ಬೇರೆ ಬಂತು. ಫೆಬ್ರವರಿ ಹೆಚ್ಚುಕಡಿಮೆ ಖಾಲಿ. ಜುಲೈ ಕೊನೆಗೆ ಚುಕ್ಕೆ ಶುರು. ಗಣೇಶನ ಹಬ್ಬದ ಹೊತ್ತಿಗೆ ಪುಟವೆಲ್ಲ ಕೆಂಪು. ದೀಪಾವಳಿ ಕಳೆದ ಮೇಲೆ ಇಳಿಕೆ. ಧೂಳು ಮಳೆಗಾಲದಲ್ಲಿ ಕಡಿಮೆಯಾಗಬೇಕು, ಅಲ್ವಾ? ಹಾಗಾದರೆ ಆ ತಿಂಗಳುಗಳಲ್ಲಿ ಜೋರಾಗಿ ಹೂ ಬಿಡುವುದು ಯಾವುದು? ಉತ್ತರ ನಮ್ಮ ಕಾಂಪೌಂಡಿನ ಆಚೆ, ಖಾಲಿ ಸೈಟಿನಲ್ಲಿ ಎದೆಯೆತ್ತರ ನಿಂತಿತ್ತು. ಕಾಂಗ್ರೆಸ್ ಗಿಡ.

ನಾನು ಡಾಕ್ಟರಲ್ಲ. ಡಾಕ್ಟರ ಹತ್ತಿರ ಹೋಗುವ ಮುಂಚೆ, ಹೋಗಿ ಬಂದ ಮೇಲೆ ಏನೇನು ಮಾಡಬೇಕು ಅನ್ನುವುದನ್ನು ಕಷ್ಟಪಟ್ಟು ಕಲಿತೆ. ಅದನ್ನೇ ಹಂತಹಂತವಾಗಿ ಇಲ್ಲಿ ಬರೆದಿದ್ದೇನೆ.

ಹಂತ 1: ನೆಗಡಿಯೋ, ಅಲರ್ಜಿಯೋ?

ನೆಗಡಿ ವೈರಸ್ಸಿನಿಂದ ಬರುತ್ತದೆ. ಗಂಟಲು ನೋಯುತ್ತದೆ, ಮೈಕೈ ನೋವು ಇರುತ್ತದೆ, ಕೆಲವೊಮ್ಮೆ ಜ್ವರ. ಸಿಂಬಳ ಗಟ್ಟಿಯಾಗುತ್ತದೆ. ವಾರ, ಹತ್ತು ದಿನದಲ್ಲಿ ಹೋಗುತ್ತದೆ.

ಅಲರ್ಜಿಗೆ ಜ್ವರ ಇಲ್ಲ. ಮೂಗಿನಿಂದ ಬರುವುದು ತಿಳಿನೀರು. ಸೀನು ಒಂದೆರಡಲ್ಲ, ಸಾಲಾಗಿ ಹತ್ತು ಹದಿನೈದು. ಎಲ್ಲಕ್ಕಿಂತ ದೊಡ್ಡ ಗುರುತು ತುರಿಕೆ. ಮೂಗು, ಕಣ್ಣು, ಕಿವಿಯ ಒಳಗೆ, ಬಾಯಿಯ ಅಂಗುಳ. ಅಂಗುಳವನ್ನು ನಾಲಿಗೆಯಿಂದ ಕೆರೆದುಕೊಂಡು ಗಂಟಲಲ್ಲಿ ಒಂದು ವಿಚಿತ್ರ ಸದ್ದು ಮಾಡುವವರು ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ಮಕ್ಕಳಾದರೆ ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜುತ್ತಲೇ ಇರುತ್ತಾರೆ. ತಿಂಗಳುಗಟ್ಟಲೆ ಹೀಗೆ ಉಜ್ಜಿದರೆ ಮೂಗಿನ ಮೇಲೆ ಅಡ್ಡಗೆರೆಯೇ ಬೀಳುತ್ತದೆ. ಕಣ್ಣ ಕೆಳಗೆ ಕಪ್ಪು ಬರುತ್ತದೆ. "ಮೊಬೈಲ್ ನೋಡಿ ನೋಡಿ ಹೀಗಾಗಿದೆ" ಅಂತ ಬೈಯುವ ಮುಂಚೆ ಮೂಗನ್ನೂ ಒಮ್ಮೆ ನೋಡಿ.

ಕೆಲವು ಲಕ್ಷಣಗಳನ್ನು ಮಾತ್ರ ಮನೆಯಲ್ಲಿ ಇಟ್ಟುಕೊಂಡು ಕೂರಬೇಡಿ. ಒಂದೇ ಹೊಳ್ಳೆ ಸದಾ ಕಟ್ಟುವುದು, ರಕ್ತ ಅಥವಾ ಕೆಟ್ಟ ವಾಸನೆ ಬರುವುದು ಅಲರ್ಜಿಯ ಲಕ್ಷಣವಲ್ಲ. ಇಎನ್‌ಟಿ ಡಾಕ್ಟರಿಗೆ ತೋರಿಸಿ. ಎದೆಯಲ್ಲಿ ಸುಂಯ್ ಸುಂಯ್ ಸದ್ದು, ರಾತ್ರಿ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ಅಲರ್ಜಿ ಮೂಗಿನಿಂದ ಎದೆಗೆ ಇಳಿದಿದೆ ಅಂತ ಅನುಮಾನಿಸಬೇಕು. ಮೂಗಿನ ಅಲರ್ಜಿ ಮತ್ತು ಉಬ್ಬಸ ಅಣ್ಣತಮ್ಮಂದಿರ ಹಾಗೆ, ಒಬ್ಬನಿದ್ದಲ್ಲಿ ಇನ್ನೊಬ್ಬ ಬರುವುದು ಸಾಮಾನ್ಯ. ಮಾತಾಡಲೂ ಆಗದಷ್ಟು ಉಸಿರು ಕಟ್ಟಿದರೆ ಅಥವಾ ತುಟಿ ನೀಲಿಯಾದರೆ ಸೀದಾ ಆಸ್ಪತ್ರೆಗೆ ಹೋಗಿ.

ಹಂತ 2: ಮೂಗಿನೊಳಗೆ ಏನಾಗುತ್ತಿದೆ?

ಪರಾಗ ಅಂದರೆ ಹೂವಿನ ಗಂಡು ಪುಡಿ. ಅದರಲ್ಲಿ ವಿಷವೇನೂ ಇಲ್ಲ. ನಮ್ಮ ದೇಹ ಅದನ್ನು ಶತ್ರು ಅಂತ ತಪ್ಪು ತಿಳಿದು ಐಜಿಇ ಅನ್ನುವ ಪ್ರತಿಕಾಯ ತಯಾರಿಸಿಡುತ್ತದೆ. ಆ ಐಜಿಇ ಮೂಗಿನ ಒಳಪದರದಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಕಾದು ಕೂರುತ್ತದೆ. ಅದೇ ಪರಾಗ ಮತ್ತೆ ಬಂದಾಗ ಮಾಸ್ಟ್ ಕೋಶ ಹಿಸ್ಟಮಿನ್ ಅನ್ನುವ ರಾಸಾಯನಿಕ ಚೆಲ್ಲುತ್ತದೆ. ತುರಿಕೆ, ಸೀನು, ನೀರು ಎಲ್ಲ ಅದರ ಕೆಲಸ. ಕೆಲವು ಗಂಟೆ ಬಿಟ್ಟು ಉರಿಯೂತದ ಎರಡನೇ ಅಲೆ ಬರುತ್ತದೆ. ಮೂಗು ಗಟ್ಟಿಯಾಗಿ ಕಟ್ಟುವುದು ಆಗ. ಈ ಎರಡು ಅಲೆಗಳನ್ನು ನೆನಪಿಟ್ಟುಕೊಳ್ಳಿ, ಔಷಧಿ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

1819ರಲ್ಲಿ ಲಂಡನ್ನಿನ ಜಾನ್ ಬೋಸ್ಟಾಕ್ ಎಂಬ ಡಾಕ್ಟರ್ ತಮಗೇ ಪ್ರತಿ ಬೇಸಿಗೆ ಬರುತ್ತಿದ್ದ ಈ ಕಾಟವನ್ನು ಬರೆದಿಟ್ಟರು. ಕಾರಣ ಮಾತ್ರ ಅವರಿಗೆ ಹೊಳೆಯಲಿಲ್ಲ. ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲಾಕ್ಲಿ ತಮ್ಮ ಮೂಗಿಗೆ ತಾವೇ ಪರಾಗ ಹಾಕಿಕೊಂಡು, ಸೀನುತ್ತಾ, ಕಾರಣ ಪರಾಗವೇ ಅಂತ 1873ರಲ್ಲಿ ತೋರಿಸಿಕೊಟ್ಟರು.

ಹಂತ 3: ಅಪರಾಧಿ ಗಿಡವನ್ನು ಹುಡುಕಿ

ಇಲ್ಲೇ ಎಲ್ಲರೂ ಎಡವುವುದು. ಕಣ್ಣಿಗೆ ಹೊಡೆಯುವ ಹೂವಿನ ಮೇಲೆ ನಮಗೆ ಅನುಮಾನ ಬರುತ್ತದೆ. ಟಬೆಬುಯಾ, ಗುಲ್‌ಮೊಹರ್, ಜಕರಂಡಾ. ಸ್ವಲ್ಪ ಯೋಚಿಸಿ. ಗಿಡ ಅಷ್ಟು ಖರ್ಚು ಮಾಡಿ ಬಣ್ಣ, ವಾಸನೆ, ಮಕರಂದ ಇಡುವುದು ಯಾರಿಗಾಗಿ? ಜೇನಿಗೆ, ಹಕ್ಕಿಗೆ. ಅಂಥ ಹೂವಿನ ಪರಾಗ ಭಾರ, ಅಂಟು. ಹುಳದ ಕಾಲಿಗೆ ಮೆತ್ತಿಕೊಂಡು ಹೋಗುತ್ತದೆ, ಗಾಳಿಯಲ್ಲಿ ದೂರ ಹಾರುವುದು ಕಡಿಮೆ. ಗಾಳಿಯನ್ನೇ ನಂಬಿದ ಗಿಡಕ್ಕೆ ಈ ಅಲಂಕಾರ ಬೇಕಿಲ್ಲ. ಅದರ ಹೂ ಹೂವಿನ ಹಾಗೇ ಕಾಣುವುದಿಲ್ಲ. ಹಗುರ ಪುಡಿಯನ್ನು ಲಕ್ಷಗಟ್ಟಲೆ ಸುಮ್ನೆ ಗಾಳಿಗೆ ಬಿಡುತ್ತದೆ. ನಮ್ಮ ಬೀದಿಯಲ್ಲಿ ಒಬ್ಬರು ಅಲರ್ಜಿ ಅಂತ ಹೇಳಿ ಮನೆ ಮುಂದಿನ ಟಬೆಬುಯಾ ಕಡಿಸಲು ಹೊರಟಿದ್ದರು. ಅದೇ ಮರದ ಬುಡದಲ್ಲಿ ಹುಲ್ಲು ತೆನೆ ಬಿಟ್ಟು ತೂಗಾಡುತ್ತಿತ್ತು.

ಹಾಗೆಯೇ ಸಂಪಿಗೆ, ಸುಗಂಧರಾಜ, ರಾತ್ರಿರಾಣಿಯ ವಾಸನೆಗೆ ಸೀನು ಬಂದರೆ ಅದು ಹೆಚ್ಚಿನ ಸಲ ಘಾಟಿಗೆ ಮೂಗು ಕೆರಳುವುದಷ್ಟೆ. ಅಗರಬತ್ತಿ ಹೊಗೆಗೆ ಬರುವ ಹಾಗೆ.

ನಮ್ಮ ಕಡೆ ಅನುಮಾನಿಸಬೇಕಾದವು ಯಾವುವು? ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರಜ್ಞ ಎಸ್.ಎನ್. ಅಗಾಶೆ ಮತ್ತು ಅವರ ಜೊತೆಗಾರರು ನಗರದ ಗಾಳಿಯ ಪರಾಗವನ್ನು ಹಿಡಿದು ಎಣಿಸುವ ಕೆಲಸ ಮಾಡಿದ್ದಾರೆ. ಬೆಂಗಳೂರಿನ ಗಾಳಿಯ ಮಾತು ಬಂದಾಗ ಪಾರ್ಥೇನಿಯಂ (ಅದೇ ಕಾಂಗ್ರೆಸ್ ಗಿಡ), ಹುಲ್ಲುಗಳು, ಸರ್ವೆ, ನೀಲಗಿರಿ ಹೆಸರು ಮತ್ತೆ ಮತ್ತೆ ಬರುತ್ತದೆ. ಕರಾವಳಿಯಲ್ಲಿ ಸಮುದ್ರದ ದಂಡೆಗೆ ಸಾಲಾಗಿ ನೆಟ್ಟಿರುವ ಗಾಳಿಮರ ಇದೆಯಲ್ಲ, ಅದೂ ಸರ್ವೆಯೇ. ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿ, ತಪಸಿ ಮರ. ಹಿತ್ತಿಲಲ್ಲಿ ಹರಳು ಗಿಡ, ಮುಳ್ಳುಹರಿವೆ. ಜೋಳ, ಮೆಕ್ಕೆಜೋಳ ಹುಲ್ಲಿನ ಜಾತಿಯ ಬೆಳೆಗಳೇ, ಅವೂ ಪರಾಗವನ್ನು ಗಾಳಿಗೇ ಬಿಡುತ್ತವೆ. ಮಲೆನಾಡಿನವರಾದರೆ ಪರಾಗಕ್ಕೆ ಮುಂಚೆ ಗೋಡೆಯ ಬೂಷ್ಟನ್ನು ಅನುಮಾನಿಸಿ.

ಕಾಂಗ್ರೆಸ್ ಗಿಡದ ಕಥೆ ಬೇರೆ. ಅಮೆರಿಕ ಖಂಡದಿಂದ ಬಂದ ಕಳೆ. 1950ರ ದಶಕದಲ್ಲಿ ಪುಣೆಯ ಸುತ್ತ ಹಬ್ಬಿದ್ದು ಎಲ್ಲರ ಗಮನಕ್ಕೆ ಬಂತು. ಆಮದು ಗೋಧಿಯ ಜೊತೆ ಬಂತು ಅನ್ನುತ್ತಾರೆ. ಬಿಳಿ ಹೂ ಗಾಂಧಿ ಟೋಪಿಯ ಹಾಗೆ ಕಂಡದ್ದಕ್ಕೆ ಆ ಹೆಸರು ಅಂತಲೂ ಹೇಳುತ್ತಾರೆ. ಮಳೆ ಬಿದ್ದು ಹುಟ್ಟಿದರೆ ಸುಮಾರು ಒಂದು ತಿಂಗಳಲ್ಲೇ ಹೂ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಇದರ ಪರಾಗ ಮೂಗನ್ನು ಕೆಡಿಸಿದರೆ, ಎಲೆ ಕಾಂಡದಲ್ಲಿರುವ ಪಾರ್ಥೆನಿನ್ ಅನ್ನುವ ರಾಸಾಯನಿಕ ಚರ್ಮವನ್ನು ಕೆಡಿಸುತ್ತದೆ. ಹೊಲದಲ್ಲಿ ಕೆಲಸ ಮಾಡುವವರ ಕುತ್ತಿಗೆ, ರೆಪ್ಪೆ, ಮೊಣಕೈ ಮಡಿಕೆಯಲ್ಲಿ ಚರ್ಮ ದಪ್ಪಗಾಗಿ, ಕಪ್ಪಾಗಿ, ಬಿರುಕು ಬಿಟ್ಟಿರುವುದನ್ನು ನೀವೂ ನೋಡಿರಬಹುದು. ಗಿಡ ಮುಟ್ಟದಿದ್ದರೂ ಒಣಗಿದ ಪುಡಿ ಗಾಳಿಯಲ್ಲಿ ಬಂದು ತಾಗಿದರೆ ಸಾಕು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದರಲ್ಲಿ ಒಂದು ಪಾಠ ಇದೆ. ಅಲ್ಲಿನ ರ‍್ಯಾಗ್‌ವೀಡ್ ಕಾಂಗ್ರೆಸ್ ಗಿಡದ ಹತ್ತಿರದ ನೆಂಟ. ಒಂದಕ್ಕೆ ಅಲರ್ಜಿ ಇದ್ದ ಮೂಗು ಇನ್ನೊಂದನ್ನೂ ಗುರುತು ಹಿಡಿಯಬಹುದು. ನಮ್ಮ ಅಕ್ಕ ಟೆಕ್ಸಸ್‌ನ ಆಸ್ಟಿನ್‌ಗೆ ಹೋದಾಗ "ಕಾಂಗ್ರೆಸ್ ಗಿಡದ ಕಾಟ ತಪ್ಪಿತು" ಅಂತ ಖುಷಿಪಟ್ಟಿದ್ದಳು. ಆಗಸ್ಟ್ ಬಂತು, ರ‍್ಯಾಗ್‌ವೀಡ್ ಶುರುವಾಯಿತು. ಅದು ಮುಗಿಯಿತು ಅನ್ನುವಾಗ ಡಿಸೆಂಬರಿನಲ್ಲಿ ಅಲ್ಲಿಯ ಮೌಂಟನ್ ಸೀಡರ್ ಮರಗಳು ಪರಾಗ ಬಿಡಲು ಶುರು ಮಾಡಿದವು. "ಇಲ್ಲಿ ಸೀನುವುದಕ್ಕೂ ಎರಡು ಬೆಳೆ ಕಣೋ" ಅಂದಳು ಫೋನಿನಲ್ಲಿ.

ಹಂತ 4: ಚುಕ್ಕೆ ಹಾಕಿ

ಮೊಬೈಲಿನಲ್ಲಿ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ ನೋಡಿ ಪರಾಗ ಅಳೆಯಲು ಹೋಗಬೇಡಿ. ನಮ್ಮ ದೇಶದ ಎಕ್ಯೂಐ ಲೆಕ್ಕದಲ್ಲಿ ಎಂಟು ಮಾಲಿನ್ಯಗಳಿವೆ, ಪರಾಗ ಅದರಲ್ಲಿಲ್ಲ. ಹಾಗಾಗಿ ನಿಮ್ಮ ಮೂಗೇ ನಿಮ್ಮ ಯಂತ್ರ.

ಗೋಡೆ ಕ್ಯಾಲೆಂಡರ್ ಸಾಕು. ರಾತ್ರಿ ಮಲಗುವ ಮುಂಚೆ ಚುಕ್ಕೆ ಹಾಕಿ. ಮಳೆ ಬಂದಿದ್ದರೆ "ಮ" ಅಂತ ಬರೆಯಿರಿ. ಊರಿಗೆ ಹೋಗಿದ್ದರೆ "ಊ". ಗುಳಿಗೆ ತಗೊಂಡಿದ್ದರೆ "ಗು". ಇಷ್ಟೇ. ಜಾಸ್ತಿ ಬರೆಯಲು ಹೋದರೆ ಹದಿನೈದು ದಿನಕ್ಕೆ ನಿಂತುಹೋಗುತ್ತದೆ, ನನಗೆ ಗೊತ್ತು.

ಓದುವುದು ಹೀಗೆ. ವರ್ಷವಿಡೀ ಚುಕ್ಕೆ, ಅದರಲ್ಲೂ ಹಾಸಿಗೆಯಿಂದ ಏಳುವಾಗಲೇ ಸೀನು ಅಂದರೆ ದಿಂಬು ಹಾಸಿಗೆಯ ಧೂಳುಹುಳ ಇರಬಹುದು. ಸತತ ಮಳೆಯ ವಾರಗಳಲ್ಲಿ, ಮನೆಯೊಳಗೇ ಜಾಸ್ತಿ ಅಂದರೆ ಬೂಷ್ಟು. ಕೆಲವೇ ತಿಂಗಳು ಬಂದು ತಾನಾಗಿ ನಿಂತರೆ ಪರಾಗ. ಊರಿಗೆ ಹೋದಾಗ ಚುಕ್ಕೆ ನಿಂತರೆ ಅಪರಾಧಿ ನಿಮ್ಮ ಮನೆಯ ಸುತ್ತಲೇ ಇದೆ.

ಹಂತ 5: ಪರೀಕ್ಷೆ ಬೇಕಾ?

ಎಲ್ಲರಿಗೂ ಬೇಡ. ಔಷಧಿಗೆ ಜಗ್ಗದಿದ್ದರೆ, ಉಬ್ಬಸ ಇದ್ದರೆ, ಇಮ್ಯುನೊಥೆರಪಿ (ದೇಹವನ್ನು ಪರಾಗಕ್ಕೆ ಒಗ್ಗಿಸುವ ಚಿಕಿತ್ಸೆ) ಯೋಚನೆ ಇದ್ದರೆ ಮಾಡಿಸಿ. ಸ್ಕಿನ್ ಪ್ರಿಕ್ ಟೆಸ್ಟಿನಲ್ಲಿ ಮುಂಗೈ ಮೇಲೆ ಒಂದೊಂದು ಪರಾಗದ ಹನಿ ಇಟ್ಟು, ಸಣ್ಣಗೆ ಚುಚ್ಚಿ, 15–20 ನಿಮಿಷ ಕಾಯುತ್ತಾರೆ. 3 ಮಿಲಿಮೀಟರ್ ಅಥವಾ ಜಾಸ್ತಿ ದದ್ದು ಎದ್ದರೆ ಪಾಸಿಟಿವ್. ಸೆಟಿರಿಜಿನ್ ಥರದ ಅಲರ್ಜಿ ಮಾತ್ರೆಯನ್ನು ಸುಮಾರು ಒಂದು ವಾರ ಮುಂಚೆ ನಿಲ್ಲಿಸಿರಬೇಕು, ಇಲ್ಲದಿದ್ದರೆ ಏನೂ ಏಳುವುದಿಲ್ಲ. ನಾನು ಮೊದಲ ಸಲ ಹೋದ ಕ್ಲಿನಿಕ್ಕಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ದುಡ್ಡೂ ಹೋಯಿತು, ರಜೆಯೂ ಹೋಯಿತು.

ಇಪ್ಪತ್ತು ವಸ್ತುಗಳಿಗೆ ಪಾಸಿಟಿವ್ ಅಂತ ವರದಿ ಬಂದರೆ ಹೆದರಬೇಡಿ. ಯಾವುದು ನಿಮ್ಮ ಕ್ಯಾಲೆಂಡರಿನ ಚುಕ್ಕೆಗೆ ಹೊಂದುತ್ತದೋ ಅದು ಮಾತ್ರ ಲೆಕ್ಕಕ್ಕೆ. ರಕ್ತದ "ಟೋಟಲ್ ಐಜಿಇ" ಸಂಖ್ಯೆ ಒಂದರಿಂದಲೇ ಏನೂ ತಿಳಿಯುವುದಿಲ್ಲ, ಹೊಟ್ಟೆಯಲ್ಲಿ ಜಂತುಹುಳ ಇದ್ದರೂ ಅದು ಏರುತ್ತದೆ. ಕೂದಲು ಕೊಟ್ಟರೆ ಅಲರ್ಜಿ ಹೇಳುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ.

ಹಂತ 6: ಪರಾಗವನ್ನು ಹೊಸ್ತಿಲಾಚೆ ನಿಲ್ಲಿಸಿ

ಸೀಸನ್ನಿನಲ್ಲಿ ಬೆಳಗಿನ ಹೊತ್ತು ಸೈಟಿನ ಕಡೆಯ ಕಿಟಕಿ ಮುಚ್ಚಿಡಿ. ವಾಕಿಂಗನ್ನು ಮಳೆ ಬಂದು ನಿಂತ ಮೇಲೆ ಇಟ್ಟುಕೊಳ್ಳಿ, ನೆಲ ಒದ್ದೆ ಇದ್ದಾಗ ಪುಡಿ ಏಳುವುದಿಲ್ಲ. ಆದರೆ ಗುಡುಗು ಸಿಡಿಲಿನ ಗಾಳಿ ಬೀಸುವಾಗ ಉಬ್ಬಸದವರು ಒಳಗಿರಿ. 2016ರ ನವೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ ಅಂಥದ್ದೇ ಒಂದು ಸಂಜೆ ಹುಲ್ಲಿನ ಪರಾಗ ಒಡೆದು ಸಣ್ಣ ಚೂರಾಗಿ ಎದೆಗಿಳಿದು, ಸಾವಿರಾರು ಜನ ಆಸ್ಪತ್ರೆಗೆ ಓಡಿದರು. ಹತ್ತು ಜನ ತೀರಿಕೊಂಡರು.

ಮಾಸ್ಕ್ ಕೆಲಸ ಮಾಡುತ್ತದೆ. ಹೆಚ್ಚಿನ ಪರಾಗ 15ರಿಂದ 40 ಮೈಕ್ರಾನ್ ದಪ್ಪ, ಅದನ್ನು ತಡೆಯಲು ಸಾದಾ ಸರ್ಜಿಕಲ್ ಮಾಸ್ಕ್ ಕೂಡ ಸಾಕು. ಸ್ಕೂಟರಿನವರು ಹೆಲ್ಮೆಟ್ಟಿನ ಗಾಜು ಇಳಿಸಿ. ಮನೆಗೆ ಬಂದ ಕೂಡಲೇ ಬಟ್ಟೆ ಬದಲಿಸಿ, ಮುಖ ತೊಳೆಯಿರಿ. ಸಂಜೆ ತಲೆಗೂ ನೀರು ಹಾಕಿಕೊಂಡರೆ ಒಳ್ಳೆಯದು, ಕೂದಲಿನ ಪರಾಗ ದಿಂಬಿಗೆ, ದಿಂಬಿನಿಂದ ಮೂಗಿಗೆ. ಒಗೆದ ಬಟ್ಟೆಯನ್ನು ಸೀಸನ್ ಮುಗಿಯುವ ತನಕ ತಾರಸಿಯಲ್ಲಿ ಒಣಹಾಕಬೇಡಿ. ಪೊರಕೆಗಿಂತ ಒದ್ದೆಬಟ್ಟೆಯಲ್ಲಿ ನೆಲ ಒರೆಸುವುದು ಮೇಲು.

ಹಂತ 7: ಮೂಗು ತೊಳೆಯಿರಿ

ಯೋಗ ಕಲಿತವರಿಗೆ ಜಲನೇತಿ ಗೊತ್ತು. ಪರಾಗವನ್ನು ಹೊರಗೆ ಹಾಕಲು ಇದರಷ್ಟು ಸೋವಿ ದಾರಿ ಇಲ್ಲ. ಕುದಿಸಿ ಆರಿಸಿದ ನೀರು ಒಂದು ದೊಡ್ಡ ಲೋಟ, ಸುಮಾರು 240 ಮಿಲಿ. ಅರ್ಧ ಟೀ ಚಮಚ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ನೀರು ಉಗುರುಬೆಚ್ಚಗಿರಲಿ. ಸಿಂಕಿನ ಮೇಲೆ ಬಾಗಿ, ತಲೆ ಓರೆ ಮಾಡಿ, ಬಾಯಿ ತೆರೆದು ಬಾಯಲ್ಲೇ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ಸುರಿಯಿರಿ, ಕೆಳಗಿನದರಿಂದ ಬರುತ್ತದೆ. ಉರಿದರೆ ಉಪ್ಪಿನ ಲೆಕ್ಕ ತಪ್ಪಿದೆ. ಆಮೇಲೆ ಮೆಲ್ಲಗೆ, ಒಂದೊಂದೇ ಹೊಳ್ಳೆ ಸೀಟಿ.

ನಲ್ಲಿ ನೀರು, ಬೋರ್‌ವೆಲ್ ನೀರು ಹಾಗೇ ಹಾಕಲೇಬೇಡಿ. ಕುದಿಸದ ನೀರಿನಲ್ಲಿ ಮಿದುಳಿಗೆ ಹೋಗುವ ಅಮೀಬಾ ಇರಬಹುದು. ಬಹಳ ಅಪರೂಪ, ಆದರೆ ಬಂದರೆ ಉಳಿಯುವುದು ಕಷ್ಟ.

ಹಂತ 8: ಔಷಧಿ, ಮುಖ್ಯವಾಗಿ ಯಾವಾಗ

ಮೊದಲ ಅಲೆ ಹಿಸ್ಟಮಿನ್‌ದು ಅಂದೆನಲ್ಲ. ಅದಕ್ಕೆ ಮಾತ್ರೆ. ಸೆಟಿರಿಜಿನ್, ಲಿವೊಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್. ಸೀನು, ತುರಿಕೆ, ನೀರು ನಿಲ್ಲುತ್ತದೆ. ಎವಿಲ್‌ನಂಥ ಹಳೆಯ ಮಾತ್ರೆಗಳು ಜೋರಾಗಿ ನಿದ್ದೆ ಬರಿಸುತ್ತವೆ. ಅದನ್ನು ನುಂಗಿ ಗಾಡಿ ಓಡಿಸಬೇಡಿ, ಪರೀಕ್ಷೆಗೆ ಓದುವ ಮಕ್ಕಳಿಗೆ ಕೊಡಬೇಡಿ. ಸೆಟಿರಿಜಿನ್ ಕೂಡ ಕೆಲವರನ್ನು ತೂಕಡಿಸುತ್ತದೆ. ಫೆಕ್ಸೊಫೆನಡಿನ್ ಕಡಿಮೆ, ಆದರೆ ಅದನ್ನು ನೀರಿನಲ್ಲೇ ನುಂಗಿ. ಕಿತ್ತಳೆ, ಸೇಬಿನ ಜ್ಯೂಸಿನ ಜೊತೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ.

ಎರಡನೇ ಅಲೆಗೆ, ಅಂದರೆ ಮೂಗು ಕಟ್ಟುವುದಕ್ಕೆ, ಸ್ಟೆರಾಯ್ಡ್ ಸ್ಪ್ರೇ. ಫ್ಲುಟಿಕಾಸೋನ್, ಮೊಮೆಟಾಸೋನ್. ಸ್ಟೆರಾಯ್ಡ್ ಅಂದ ತಕ್ಷಣ ಜನ ಬೆಚ್ಚುತ್ತಾರೆ, ನಾನೂ ಎರಡು ವರ್ಷ ಬೆಚ್ಚಿ ಕೂತಿದ್ದೆ. ಇದರ ಪ್ರಮಾಣ ಮೈಕ್ರೋಗ್ರಾಂ ಲೆಕ್ಕದ್ದು, ಮೂಗಿನಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಪೂರ್ತಿ ಪರಿಣಾಮಕ್ಕೆ ಒಂದೆರಡು ವಾರ ಬೇಕು. ಮೂರು ದಿನ ಹೊಡೆದು "ಏನೂ ಪ್ರಯೋಜನ ಇಲ್ಲ" ಅಂತ ಬಿಸಾಡಿದವರೇ ಜಾಸ್ತಿ. ಕ್ಯಾಲೆಂಡರ್ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. ನನ್ನ ಚುಕ್ಕೆ ಜುಲೈ ಕೊನೆಗೆ ಶುರುವಾಗುತ್ತದೆ, ಹಾಗಾಗಿ ಡಾಕ್ಟರ್ ಹೇಳಿದಂತೆ ಸ್ಪ್ರೇಯನ್ನು ಜುಲೈ ಹತ್ತರ ಸುಮಾರಿಗೇ ಶುರು ಮಾಡುತ್ತೇನೆ. ಸೀನು ಬರುವ ಮುಂಚೆಯೇ.

ಹೊಡೆಯುವ ರೀತಿ ತಪ್ಪಿದರೆ ಔಷಧಿ ವ್ಯರ್ಥ. ತಲೆ ಹಿಂದಕ್ಕೆ ಎತ್ತಬೇಡಿ, ಸ್ವಲ್ಪ ಮುಂದಕ್ಕೆ ಬಗ್ಗಿಸಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ತುದಿ ಕಿವಿಯ ಕಡೆಗೆ ಮುಖ ಮಾಡಿರಲಿ, ಮೂಗಿನ ನಡುಗೋಡೆಗಲ್ಲ. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತದೆ. ಒತ್ತಿದ ಮೇಲೆ ಹೂ ಮೂಸುವಷ್ಟು ಮೆಲ್ಲಗೆ ಎಳೆದುಕೊಳ್ಳಿ. ಗಂಟಲಲ್ಲಿ ರುಚಿ ಸಿಕ್ಕಿದರೆ ಜೋರಾಗಿ ಎಳೆದಿರಿ ಅಂತ ಅರ್ಥ.

ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಸಿಗುವ, ಹಾಕಿದ ಐದು ನಿಮಿಷಕ್ಕೆ ಮೂಗು ಬಿಡಿಸುವ ಡ್ರಾಪ್ಸ್ ಇದೆಯಲ್ಲ, ಕ್ಸೈಲೊಮೆಟಜೊಲಿನ್, ಆಕ್ಸಿಮೆಟಜೊಲಿನ್, ಅದರ ಜೊತೆ ಹುಷಾರು. ಮೂರರಿಂದ ಐದು ದಿನ, ಅಷ್ಟೇ. ಮುಂದುವರಿಸಿದರೆ ಔಷಧಿಯಿಂದಲೇ ಮೂಗು ಕಟ್ಟುತ್ತದೆ, ಬಿಡಿಸಲು ಮತ್ತೆ ಅದೇ ಬೇಕಾಗುತ್ತದೆ. ವರ್ಷಗಟ್ಟಲೆ ಜೇಬಿನಲ್ಲಿ ಇದೇ ಬಾಟಲಿ ಇಟ್ಟುಕೊಂಡು ತಿರುಗುವವರಿದ್ದಾರೆ.

ಮಾಂಟೆಲುಕಾಸ್ಟ್ ಸೇರಿಸಿದ ಮಾತ್ರೆಯನ್ನು ನಮ್ಮಲ್ಲಿ ಧಾರಾಳವಾಗಿ ಬರೆಯುತ್ತಾರೆ. ಕೆಲವರಲ್ಲಿ ಕೆಟ್ಟ ಕನಸು, ಕಿರಿಕಿರಿ, ಖಿನ್ನತೆ ಬರಬಹುದು ಅಂತ ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದರು. ಮಗು ಇದ್ದಕ್ಕಿದ್ದಂತೆ ರಾತ್ರಿ ಚೀರಿ ಏಳಲು ಶುರು ಮಾಡಿದರೆ ಡಾಕ್ಟರಿಗೆ ಹೇಳಿ. ಇನ್ನು, "ಒಂದೇ ಇಂಜೆಕ್ಷನ್, ಇಡೀ ಸೀಸನ್ ಆರಾಮ" ಅನ್ನುವವರು ಚುಚ್ಚುವುದು ಹೆಚ್ಚಾಗಿ ದೀರ್ಘಕಾಲದ ಸ್ಟೆರಾಯ್ಡ್. ಆರಾಮ ನಿಜ, ಆದರೆ ಅದು ಇಡೀ ಮೈಗೆ ಹೋಗುತ್ತದೆ. ಬೇಡ ಅನ್ನಿ. ಗರ್ಭಿಣಿಯರು, ಬಿಪಿ, ಗ್ಲಾಕೋಮಾ ಇರುವವರು ಯಾವುದನ್ನೂ ತಾವೇ ಕೊಂಡು ಹಾಕಿಕೊಳ್ಳಬೇಡಿ.

ಕಷಾಯ, ಅರಿಶಿನ ಹಾಲು, ಆವಿ ಗಂಟಲಿಗೆ ಹಿತ. ಬಿಸಿನೀರಿನ ಪಾತ್ರೆಯಿಂದ ಮಕ್ಕಳನ್ನು ಮಾತ್ರ ದೂರ ಇಡಿ. "ಊರಿನ ಜೇನು ತಿಂದರೆ ಪರಾಗ ಒಗ್ಗುತ್ತದೆ" ಅನ್ನುವುದು ಕೇಳಲು ಚೆನ್ನಾಗಿದೆ. ಆದರೆ ಜೇನು ಮಕರಂದಕ್ಕೆ ಹೋಗುವುದು ಬಣ್ಣದ ಹೂವಿಗೆ. ನಿಮ್ಮನ್ನು ಸೀನಿಸುವ ಸರ್ವೆ, ಹುಲ್ಲಿನಲ್ಲಿ ಅದಕ್ಕೆ ಮಕರಂದವೇ ಸಿಗುವುದಿಲ್ಲ.

ಇದ್ಯಾವುದಕ್ಕೂ ಬಗ್ಗದಿದ್ದರೆ ಇಮ್ಯುನೊಥೆರಪಿ ಇದೆ. ನಿಮ್ಮ ಅಪರಾಧಿ ಪರಾಗವನ್ನೇ ಚೂರುಚೂರಾಗಿ ಚರ್ಮದಡಿ ಕೊಡುತ್ತಾ ದೇಹವನ್ನು ಒಗ್ಗಿಸುವುದು. ಮೂರರಿಂದ ಐದು ವರ್ಷ ಹಿಡಿಯುತ್ತದೆ. ಪ್ರತಿ ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುವ ಜಾಗದಲ್ಲಿ ಮಾತ್ರ ಮಾಡಿಸಿ.

ಹಂತ 9: ಸೈಟಿನ ಕಡೆ ನಡೆಯಿರಿ

ಕಾಂಗ್ರೆಸ್ ಗಿಡ ಕೀಳಲು ಸರಿಯಾದ ಹೊತ್ತು ಜೂನ್ ಕೊನೆ, ಜುಲೈ ಮೊದಲು. ಮಣ್ಣು ಹಸಿ ಇರುತ್ತದೆ, ಬೇರುಸಹಿತ ಬರುತ್ತದೆ, ಇನ್ನೂ ಹೂ ಬಿಟ್ಟಿರುವುದಿಲ್ಲ. ಹೂ ಬಿಟ್ಟ ಮೇಲೆ ಅಲುಗಿಸಿದರೆ ನೀವೇ ಪರಾಗ ಹಾರಿಸಿದ ಹಾಗೆ. ರಬ್ಬರ್ ಗ್ಲೌಸ್, ತುಂಬುತೋಳಿನ ಅಂಗಿ, ಮಾಸ್ಕ್ ಕಡ್ಡಾಯ. ಕತ್ತರಿಸಿದರೆ ಸಾಲದು, ಬುಡದಿಂದ ಮತ್ತೆ ಚಿಗುರುತ್ತದೆ. ಒಣಗಿಸಿ ಸುಡಬೇಡಿ. ಎಲೆಯ ಮೇಲೆ ತಿಳಿ ಮೈಗೆ ಕಂದು ಗೆರೆ ಎಳೆದ ಪುಟ್ಟ ದುಂಬಿ ಕಂಡರೆ ಕೊಲ್ಲಬೇಡಿ. ಈ ಗಿಡವನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಯ ಸಂತಾನ ಅದು.

ಅಲರ್ಜಿ ಇರುವವರು ಈ ಕೆಲಸಕ್ಕೆ ಇಳಿಯಬಾರದು, ಬೇರೆಯವರಿಂದ ಮಾಡಿಸಬೇಕು. ನಾನು ಸೈಟಿನ ಮಾಲೀಕರಿಗೆ ಫೋನ್ ಮಾಡಿ, ಬೀದಿಯ ನಾಲ್ಕು ಮನೆಯವರನ್ನು ಸೇರಿಸಿ, ಒಂದು ಭಾನುವಾರ ಕೀಳಿಸಿದೆ. ಹೋದ ವರ್ಷ ಸೆಪ್ಟೆಂಬರಿನ ಪುಟದಲ್ಲಿ ಮೂರು ಚುಕ್ಕೆಯ ದಿನ ಎರಡೇ. ಹೆಚ್ಚಿನ ಪಾಲು ಸ್ಪ್ರೇ ಬೇಗ ಶುರು ಮಾಡಿದ್ದರಿಂದ ಅಂತ ನನ್ನ ಲೆಕ್ಕ, ಪರಾಗ ಪಕ್ಕದ ಬೀದಿಯಿಂದಲೂ ಬರುತ್ತದಲ್ಲ. ಜುಲೈ ಪುಟದಲ್ಲಿ ಮಾತ್ರ ಒಂಟಿಯಾಗಿ ಒಂದು ಭಾನುವಾರ ಮೂರು ಚುಕ್ಕೆ ಇದೆ. ಅವರೆಲ್ಲ ಗಿಡ ಕೀಳುವಾಗ ಕಾಂಪೌಂಡಿನಿಂದ ನೋಡುತ್ತಾ ನಿಲ್ಲಬೇಕಿತ್ತು ನಾನು. ನಿಲ್ಲಲಿಲ್ಲ.